ಬಾನೆಟ್ಟಿನ ಮೇಲಿನ ಬುತ್ತಿ ಚೀಲ

ನನ್ನ ಮಗಳಿಗೆ ನಾನು ಹೊಡೆದದ್ದು ಒಂದೇ ಸಲ. ಒಂದೇ ಸಲ ಎಂದರೆ ತಪ್ಪು ಸಣ್ಣದಾಗುತ್ತದೆ ಎಂದು ಹೇಳುತ್ತಿಲ್ಲ. ದಿನಾ ಹೊಡೆಯುವ ಅಪ್ಪಂದಿರು ನಮ್ಮ ಓಣಿಯಲ್ಲೇ ನಾಲ್ಕು ಮಂದಿ ಇದ್ದಾರೆ, ಅವರ ಮಕ್ಕಳು ಸಂಜೆಗೆಲ್ಲ ಮರೆತು ಅಪ್ಪನ ಹೆಗಲೇರಿ ಕೂತಿರುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಏಟು ಬಿದ್ದಾಗ ಅವಳಿಗೆ ಆರು ವರ್ಷ. ಅವಳು ಮಾಡದ ತಪ್ಪಿಗೆ ಬಿದ್ದ ಏಟು ಅದು. ತಪ್ಪು ಮಾಡಿದವನು ನಾನು.

ನಾನು ಸರ್ಕಾರಿ ಬಸ್ಸಿನ ಡ್ರೈವರ್, ಮಾನ್ವಿಯವನು. ನಮ್ಮಪ್ಪ ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊತ್ತವನು. ಮಗ ಖಾಕಿ ಹಾಕಿಕೊಂಡು ಮೊದಲ ಸಲ ಸ್ಟೇರಿಂಗ್ ಹಿಡಿದ ದಿನ ಬಸ್‌ಸ್ಟ್ಯಾಂಡಿಗೆ ಬಂದು, ಎಲ್ಲರಂತೆ ಟಿಕೆಟ್ ತೆಗೆಸಿ, ನೀರಮಾನ್ವಿವರೆಗೆ ನನ್ನ ಹಿಂದೆಯೇ ಕೂತು ಬಂದು, ಅಲ್ಲಿ ಇಳಿದು ನಡೆದುಕೊಂಡೇ ಮನೆಗೆ ಹೋಗಿದ್ದ. ಅಂಥ ಅಪ್ಪನ ಹೊಟ್ಟೆಯಲ್ಲಿ ನನ್ನಂಥ ಸಿಟ್ಟಿನವನು ಹೇಗೆ ಹುಟ್ಟಿದೆನೋ ಗೊತ್ತಿಲ್ಲ. ದಾರಿಯಲ್ಲಿ ಟ್ರ್ಯಾಕ್ಟರ್ ಅಡ್ಡ ಬಂದರೆ ಸಾಕು, ಕಿಟಕಿಯಿಂದ ತಲೆ ಹೊರಹಾಕಿ ಅವನ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದೆ. ಕಂಡಕ್ಟರ್ ನನ್ನ ಹಳೆಯ ಗೆಳೆಯ. "ಲೇ, ಹಾರ್ನ್ ಯಾಕ ಕೊಟ್ಟಾರಲೇ ನಿನಗ, ನಿನ್ನ ಬಾಯೇ ಸಾಕಲ್ಲ" ಎಂದು ಆತ ನಗುತ್ತಿದ್ದ.

ನಮ್ಮ ಬಸ್ಸುಗಳಲ್ಲಿ ಎಂಜಿನ್ ಡ್ರೈವರನ ಎಡಕ್ಕೆ, ಒಳಗೇ ಇರುತ್ತದೆ. ಅದರ ಮೇಲಿನ ಮುಚ್ಚಳಕ್ಕೆ ನಾವು ಬಾನೆಟ್ ಎನ್ನುತ್ತೇವೆ. ಡ್ರೈವರನ ಬುತ್ತಿ ಇರುವುದು ಅದರ ಮೇಲೆ. ಬೆಳಿಗ್ಗೆ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯ ಮಧ್ಯಾಹ್ನ ದೇವದುರ್ಗದಲ್ಲಿ ಬಿಚ್ಚಿದರೂ ಈಗಷ್ಟೇ ಒಲೆಯ ಮೇಲಿನಿಂದ ಇಳಿಸಿದ ಹಾಗೆ ಇರುತ್ತವೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಹಿರಿಯ ಡ್ರೈವರುಗಳು ಇಡುತ್ತಿದ್ದರು, ನಾನೂ ಇಟ್ಟೆ. ಹೊಸಬರು ಬಾನೆಟ್ ಮುಟ್ಟಿದರೆ ಚುರುಕ್ಕೆಂದು ಕೈ ತೆಗೆಯುತ್ತಾರೆ. ನನ್ನ ಎಡಗೈಗೆ ಅದು ಬಿಸಿ ಎಂದು ಅನಿಸುವುದು ನಿಂತು ಎಷ್ಟೋ ವರ್ಷವಾಗಿತ್ತು.

ಮಗಳಿಗೆ ಕಾಯಿಲೆ ಶುರುವಾದದ್ದು ನಾಲ್ಕು ತುಂಬಿದ ಮೇಲೆ. ಹಾಸಿಗೆಯಲ್ಲಿ ಒಂದಕ್ಕೆ ಮಾಡಿಕೊಳ್ಳುವುದನ್ನು ಬಿಟ್ಟು ಎರಡು ವರ್ಷವಾಗಿದ್ದ ಕೂಸು ಮತ್ತೆ ದಿನಾ ಹಾಸಿಗೆ ತೋಯಿಸತೊಡಗಿತು. ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು. ಬ್ಯಾಸಗಿ ಅಲ್ಲವೇ ಎಂದುಕೊಂಡೆವು. ಆಗ ಒಂದು ದಿನ ಹೆಂಡತಿ ಮಗಳನ್ನು ಕರೆದುಕೊಂಡು ದೇವದುರ್ಗಕ್ಕೆ, ತನ್ನ ತವರಿಗೆ, ನನ್ನ ಬಸ್ಸಿನಲ್ಲೇ ಹೊರಟಳು. ಗಬ್ಬೂರು ಮುಟ್ಟುವುದರೊಳಗೆ ಮಗಳು ಮೂರು ಸಲ ಬಸ್ ನಿಲ್ಲಿಸಿದಳು. "ಯಪ್ಪಾ, ಒಂದಕ್ಕ ಬಂದದ." ಕಂಡಕ್ಟರ್ ಗೆಳೆಯ ತಮಾಷೆಗೆ, "ಏನ್ ತಾಯಿ, ಇದು ಮಂದಿ ಬಸ್ಸೋ ನಿನ್ನ ಸಲುವಾಗಿ ಬಿಟ್ಟ ಬಸ್ಸೋ?" ಎಂದ. ಬಸ್ಸಿನ ಮಂದಿ ನಕ್ಕರು. ನನಗೆ ಮರ್ಯಾದೆ ಹೋದಂತಾಯಿತು. "ಅಕಿಗಿ ಇನ್ನ ನೀರು ಕುಡಿಸಬ್ಯಾಡ, ಬಾಟ್ಲಿ ಇಲ್ಲಿ ಕೊಡು" ಎಂದು ಹೆಂಡತಿಯ ಕೈಯಿಂದ ನೀರಿನ ಬಾಟಲಿ ಕಸಿದುಕೊಂಡು ನನ್ನ ಕಾಲ ಬಳಿ ಇಟ್ಟುಕೊಂಡೆ. ದೇವದುರ್ಗ ಬರುವವರೆಗೂ ಆ ಕೂಸು ಹಿಂದಿನ ಸೀಟಿನಿಂದ ಬಾಟಲಿಯನ್ನೇ ನೋಡುತ್ತಿತ್ತಂತೆ. ಹೆಂಡತಿ ಇದನ್ನು ಬಹಳ ದಿನ ಬಿಟ್ಟು ಹೇಳಿದಳು.

ಕಂಡುಹಿಡಿದದ್ದು ನಮ್ಮ ಅತ್ತೆ. ಓದು ಬರಹ ಇಲ್ಲದ ಹೆಂಗಸು. ಮಧ್ಯಾಹ್ನ ನಾನು ಬಸ್ ನಿಲ್ಲಿಸಿ ಅವರ ಮನೆಗೆ ಹೋದಾಗ, ಅಂಗಳದಲ್ಲಿ ಮೊಮ್ಮಗಳು ಕೂತೆದ್ದ ಜಾಗವನ್ನು ನೋಡಿ ನನ್ನನ್ನು ಕರೆದರು. "ನೋಡ್ರಿ ಇಲ್ಲಿ, ಕೂಸಿನ ಉಚ್ಚಿಗಿ ಇರುವಿ ಮುತ್ಯಾವ. ಇದು ಛಲೋ ಅಲ್ಲ. ನಾಳೇನ ರಾಯಚೂರಿಗಿ ಕರ್ಕೊಂಡು ಹೋಗ್ರಿ."

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ಚೀಟಿ ನೋಡಿ ಬಾಗಿಲು ಹಾಕಿಸಿ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಶುಗರ್ ಎಂದರು. ನಾನು ನಕ್ಕೇಬಿಟ್ಟೆ. "ನಮ್ಮ ಮನ್ಯಾಗ ಯಾರಿಗೂ ಇಲ್ರೀ. ಅಕಿ ಮಿಠಾಯಿ ಸೈತ ಅಷ್ಟು ತಿನ್ನಂಗಿಲ್ರೀ. ಇದು ಮುದುಕರ ಬ್ಯಾನಿ ಅಲ್ಲೇನ್ರೀ?"

"ಇದು ತಿಂದು ಬರೋ ರೋಗ ಅಲ್ಲಪ್ಪಾ," ಎಂದರು ಡಾಕ್ಟರಮ್ಮ. "ಮೈಯಾಗ ಇನ್ಸುಲಿನ್ ತಯಾರಾಗೂದು ನಿಂತುಬಿಟ್ಟದ. ಅದನ್ನ ನೀವು ಹೊರಗಿನಿಂದ ಸೂಜಿಲೆ ಕೊಡಬೇಕು. ದಿನಾ ಎರಡು ಸಲ, ಬದುಕಿರೋತನಕ. ಒಂದೆರಡು ದಿನ ಬಿಟ್ರೂ ಕೂಸು ಕೈ ತಪ್ಪಿ ಹೋಗ್ತದ. ತಿಳೀತೇನು?"

ತಿಳಿಯಿತು ಎಂದೆವು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಇಬ್ಬರೂ ಗೋಡೆ ನೋಡುತ್ತಿದ್ದೆವು. ಮಗಳು ನನ್ನ ಅಂಗಿಯ ಗುಂಡಿ ಹಾಕುವುದು ತೆಗೆಯುವುದು ಮಾಡುತ್ತಿದ್ದಳು. ನಾನು ಎದ್ದು ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದೆ.

ಸೂಜಿ ಚುಚ್ಚುವ ಕೆಲಸ ನನಗೆ ಬಂತು. ಹೆಂಡತಿ ಸೂಜಿ ಹಿಡಿದು, ಚುಚ್ಚಲಾಗದೆ ನನಗೇ ಕೊಟ್ಟಳು. ನನ್ನದು ಗೇರ್ ಹಾಕುವ ಕೈ, ಗಟ್ಟಿ. ಮೊದಲ ವಾರ ಮಗಳು ಓಣಿಗೆಲ್ಲ ಕೇಳುವಂತೆ ಅರಚಿದಳು. ಆಮೇಲೆ ತಾನೇ ಒಂದು ಆಟ ಕಟ್ಟಿಕೊಂಡಳು. ನಾನು ಸೂಜಿ ಹಿಡಿದು ಕಾಯಬೇಕು. ಅವಳು ಕಂಡಕ್ಟರನಂತೆ ಗಂಟೆಯ ಹಗ್ಗ ಎಳೆದ ಹಾಗೆ ಮಾಡಿ "ರೈಟ್ ರೈಟ್" ಎಂದ ಮೇಲೆಯೇ ಚುಚ್ಚಬೇಕು. ನೋವಾದರೆ "ಹೋಲ್ಡಾನ್!" ಎನ್ನುತ್ತಾಳೆ, ಆಗ ನಾನು ನಿಲ್ಲಿಸಬೇಕು. ಎಷ್ಟೋ ದಿನ ಬರೀ ನನ್ನನ್ನು ಆಡಿಸಲು ಹೋಲ್ಡಾನ್ ಎನ್ನುತ್ತಿದ್ದಳು. ಡ್ಯೂಟಿಗೆ ಹೊತ್ತಾಗಿದ್ದರೂ ಆ ಒಂದು ವಿಷಯಕ್ಕೆ ನನಗೆ ಸಿಟ್ಟು ಬರುತ್ತಿರಲಿಲ್ಲ.

ಮಂದಿಯ ಬಾಯಿಗೆ ಮಾತ್ರ ಬೀಗ ಇರಲಿಲ್ಲ. "ಸಣ್ಣ ಕೂಸಿಗಿ ಸಕ್ಕರಿ ಬ್ಯಾನಿ ಹೆಂಗ ಬರ್ತದ್ರೀ? ಭಾಳ ಚಾಕ್ಲೇಟ್ ತಿನಿಸೀರಿ ಅಂತ ಕಾಣ್ತದ." ಕಿರಾಣಿ ಅಂಗಡಿಯವನು, ಬಸ್‌ಸ್ಟ್ಯಾಂಡಿನ ಚಹಾದವನು, ಡಿಪೋದ ಸಾಹೇಬರು, ಎಲ್ಲರದೂ ಇದೇ ರಾಗ. ಡಾಕ್ಟರಮ್ಮ ಅಷ್ಟು ಬಿಡಿಸಿ ಹೇಳಿದ್ದರೂ, ಸಾವಿರ ಸಲ ಕೇಳಿ ಕೇಳಿ ಆ ಮಾತು ನನ್ನ ತಲೆಯ ಯಾವುದೋ ಮೂಲೆಯಲ್ಲಿ ಹೋಗಿ ಕೂತಿತ್ತು. ಬೆರಳು ಚುಚ್ಚಿ ನೋಡುವ ಮಿಷಿನ್ನಿನಲ್ಲಿ ಅಂಕಿ ಹೆಚ್ಚು ಬಂದರೆ ನನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು, "ಏನ್ ತಿಂದಿ?"

ಹೀಗೆ ಎರಡು ವರ್ಷ ಸಾಗಿತು. ಇನ್ಸುಲಿನ್ ಶೀಶೆ ತರಲು ತಿಂಗಳಿಗೊಮ್ಮೆ ಹೆಂಡತಿ ರಾಯಚೂರಿಗೆ ಹೋಗುತ್ತಿದ್ದಳು. ಬಾಯಗಲದ ಸ್ಟೀಲಿನ ಫ್ಲಾಸ್ಕಿನಲ್ಲಿ ಬರ್ಫ ಹಾಕಿ, ನಡುವೆ ಶೀಶೆ ಇಟ್ಟು, ಮಡಿಲಲ್ಲಿ ಹಿಡಿದುಕೊಂಡು ಬಂದು ನಮ್ಮ ಸಣ್ಣ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಅವಳು ಅಂಗನವಾಡಿ ಸಹಾಯಕಿ. ಮೂರನೇ ವರ್ಷದ ಬ್ಯಾಸಗಿಯಲ್ಲಿ, ಮೇ ತಿಂಗಳು, ಆ ವಾರ ಅಂಗನವಾಡಿಗೆ ಮೇಲಿನವರು ಬರುವವರಿದ್ದರು. ರಜೆ ಸಿಗುವಂತಿರಲಿಲ್ಲ.

"ದಿನಾ ರಾಯಚೂರಿಗಿ ಹೋಗೋ ಮನಷ್ಯಾ ನಾನು. ನಾ ತರ್ತೀನಿ ತಗಿ" ಎಂದೆ.

"ಹಂಗಾರ ಫ್ಲಾಸ್ಕ್ ತಗೊಂಡು ಹೋಗ್ರಿ."

"ಬಗಲಾಗ ಫ್ಲಾಸ್ಕ್ ಇಟ್ಕೊಂಡು ಬಸ್ ಹೊಡೀಲೇನು? ಬಾಣಂತಿ ನೋಡಾಕ ಹೊಂಟಾನ ಅಂತ ನಗ್ತಾರ ಡಿಪೋದಾಗ. ಬರ್ಫ ಹಾಕಿ ಕೊಡ್ತಾರಲ್ಲ ಅಂಗಡ್ಯಾಗ, ಸಾಕು."

ಅವಳು ಫ್ಲಾಸ್ಕನ್ನು ತೊಳೆದು ಬಾಗಿಲ ಪಕ್ಕ ಇಟ್ಟಿದ್ದಳು. ನಾನು ಅದನ್ನು ದಾಟಿಕೊಂಡು ಹೋದೆ.

ಆ ದಿನ ನನ್ನ ಡ್ಯೂಟಿ ಮಾನ್ವಿಯಿಂದ ರಾಯಚೂರು, ಅಲ್ಲಿಂದ ದೇವದುರ್ಗ, ಮತ್ತೆ ರಾಯಚೂರು, ಸಂಜೆಗೆ ಮಾನ್ವಿ. ಬೆಳಿಗ್ಗೆ ರಾಯಚೂರು ಮುಟ್ಟಿದ ಕೂಡಲೇ ಔಷಧದ ಅಂಗಡಿಗೆ ಓಡಿದೆ. ಅಂಗಡಿಯವನು ಎರಡು ಶೀಶೆಗಳನ್ನು ಬರ್ಫದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, "ಬಿಸಿಲಿಗಿ ಇಡಬ್ಯಾಡ್ರಿ ಅಣ್ಣಾ" ಎಂದ. ಬಸ್ಸಿಗೆ ಬಂದು ಎಲ್ಲಿಡಲಿ ಎಂದು ಯೋಚಿಸಿದೆ. ಮೇಲಿನ ಕ್ಯಾರಿಯರ್‌ನಲ್ಲಿ ಇಟ್ಟರೆ ಯಾರದ್ದಾದರೂ ಟ್ರಂಕು ಬಿದ್ದು ಶೀಶೆ ಒಡೆಯಬಹುದು. ಕಂಡಕ್ಟರ್ ಕೈಗೆ ಕೊಟ್ಟರೆ ಅವನು ಗದ್ದಲದಲ್ಲಿ ಮರೆಯಬಹುದು. ಮಗಳ ಜೀವ ಇರುವುದು ಇದರಲ್ಲಿ, ನನ್ನ ಕಣ್ಣ ಮುಂದೆಯೇ ಇರಲಿ ಎಂದು ನನ್ನ ಬುತ್ತಿ ಚೀಲದಲ್ಲೇ ಹಾಕಿಕೊಂಡೆ. ಮುಂದಿನ ಗಾಜಿನಿಂದ ಬಿಸಿಲು ಬೀಳುತ್ತದೆಂದು ಟವಲ್ ತೋಯಿಸಿ ಚೀಲದ ಮೇಲೆ ಹೊದಿಸಿದೆ. ದಾರಿಯಲ್ಲಿ ಟವಲ್ ಒಣಗಿದಾಗಲೆಲ್ಲ ಬಾಟಲಿಯ ನೀರು ಚಿಮುಕಿಸುತ್ತಿದ್ದೆ. ಬುತ್ತಿ ಚೀಲ ದಿನಾ ಎಲ್ಲಿರುತ್ತದೋ ಅಲ್ಲೇ ಇತ್ತು.

ದೇವದುರ್ಗದಲ್ಲಿ ಊಟಕ್ಕೆ ಕೂತಾಗ ಬರ್ಫವೆಲ್ಲ ನೀರಾಗಿತ್ತು. ನೀರು ಚೆಲ್ಲಿ, ಶೀಶೆ ಒಡೆದಿಲ್ಲ ತಾನೇ ಎಂದು ಎತ್ತಿ ನೋಡಿದೆ. ಬೆಚ್ಚಗಿತ್ತು. ಮೇ ತಿಂಗಳಲ್ಲಿ ನಮ್ಮ ಕಡೆ ಬೆಚ್ಚಗಿಲ್ಲದ ವಸ್ತು ಯಾವುದಿರುತ್ತದೆ? ಬಿಸಿ ರೊಟ್ಟಿ ತಿಂದು, ಶೀಶೆಗಳನ್ನು ಮತ್ತೆ ಚೀಲದಲ್ಲಿಟ್ಟು, ಟವಲ್ ತೋಯಿಸಿ ಹೊದಿಸಿ, ಸಂಜೆವರೆಗೂ ಬಸ್ ಓಡಿಸಿದೆ. ಮನೆಗೆ ಬಂದು ಹೆಂಡತಿಯ ಮುಂದೆ ಹಿಡಿದು, "ನೋಡು, ಒಂಚೂರು ಬಿಸಿಲು ತಾಗಿಸಿಲ್ಲ" ಎಂದು ದೊಡ್ಡಸ್ತಿಕೆ ಮಾಡಿದೆ.

ಹಳೆಯ ಶೀಶೆ ಮಾರನೇ ದಿನ ಮುಗಿಯಿತು. ಹೊಸದು ಶುರು ಮಾಡಿದೆವು.

ಆ ದಿನ ಸಂಜೆ ಮಿಷಿನ್ನಿನಲ್ಲಿ ಮುನ್ನೂರರ ಮೇಲೆ ಬಂತು. ಅದೇ ಹೊತ್ತಿಗೆ ದೇವದುರ್ಗದಿಂದ ಅತ್ತೆ ಕಳಿಸಿದ ಮಾವಿನಹಣ್ಣು ಮಂಚದ ಕೆಳಗೆ ಹುಲ್ಲಿನಲ್ಲಿ ಮಾಗುತ್ತಿತ್ತು. ಮನೆ ತುಂಬ ಅದರದ್ದೇ ಪರಿಮಳ.

"ಏನ್ ತಿಂದಿ?"

"ರೊಟ್ಟಿ."

"ಮತ್ತ?"

"ಬ್ಯಾಳಿ."

"ಮತ್ತ?"

"ನೀರು ಕುಡದೀನಿ ಯಪ್ಪಾ. ಇನ್ನಷ್ಟು ಕುಡೀಲೇನು?"

ಮಾರನೇ ದಿನ ನಾನ್ನೂರು ದಾಟಿತು. ನಾನು ಸಿರಿಂಜಿನ ಮೇಲಿನ ಎರಡು ಗೀಟಿನಷ್ಟು ಔಷಧ ಹೆಚ್ಚು ಹಾಕಿದೆ, ಇಳಿಯಲಿಲ್ಲ. ಮಾವಿನಹಣ್ಣನ್ನೆಲ್ಲ ಪಕ್ಕದ ಮನೆಗೆ ಕೊಟ್ಟೆ. ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟೆ. ಶುಗರ್ ಇಳಿದು ತಲೆ ಸುತ್ತಿದರೆ ಇರಲಿ ಎಂದು ಅವಳ ಅಂಗಿಯ ಜೇಬಿನಲ್ಲಿ ಒಂದು ಸಕ್ಕರೆ ಪೊಟ್ಟಣ ಯಾವಾಗಲೂ ಇರುತ್ತಿತ್ತು, ಅದನ್ನೂ ಕಿತ್ತುಕೊಂಡೆ. ಕಿರಾಣಿ ಅಂಗಡಿಗೆ ಹೋಗಿ, "ನನ್ನ ಮಗಳು ಬಂದು ಏನರ ಕೇಳಿದ್ರ ಕೊಟ್ಟೀ ನೋಡು" ಎಂದು ಬೆದರಿಸಿ ಬಂದೆ. ಅವನು ಮಿಕಿಮಿಕಿ ನೋಡಿದ.

"ಡಾಕ್ಟರಮ್ಮಗ ಒಂದು ಫೋನ್ ಮಾಡ್ರಿ" ಎಂದಳು ಹೆಂಡತಿ.

"ಏನಂತ ಮಾಡ್ಲಿ? ನನ್ನ ಮಗಳು ಕಳ್ಳಿ ಆಗ್ಯಾಳ ಅಂತನಾ?"

ಮೂರನೆಯ ದಿನ ಬೆಳಿಗ್ಗೆ ಮಿಷಿನ್ನಿನಲ್ಲಿ ಅಂಕಿಯೇ ಬರಲಿಲ್ಲ. ಅಳತೆ ಮೀರಿದೆ ಎಂಬ ಎರಡು ಅಕ್ಷರ ಮಾತ್ರ ಬಂದವು. ನನ್ನ ತಲೆಗೆ ರಕ್ತ ಏರಿತು. ರಟ್ಟೆ ಹಿಡಿದು ಎಳೆದು ಮುಂದೆ ನಿಲ್ಲಿಸಿಕೊಂಡು, "ಬಾಯಿ ತಗಿ" ಎಂದೆ. ತೆಗೆದಳು. ಬಗ್ಗಿ ಮೂಸಿದೆ. ಮಾಗಿ ಕೊಳೆಯುವ ಹಣ್ಣಿನ ವಾಸನೆ, ಎರಡು ಮಾತಿಲ್ಲ. ಮಂಚದ ಕೆಳಗೆ ಬರುತ್ತಿತ್ತಲ್ಲ, ಅಂಥದ್ದೇ.

"ಏನ್ ತಿಂದಿ ಬೊಗಳು!"

"ಏನೂ ತಿಂದಿಲ್ಲ ಯಪ್ಪಾ. ಖರೇನ ತಿಂದಿಲ್ಲ."

"ಸುಳ್ಳು ಬ್ಯಾರೆ ಹೇಳ್ತೀ?"

ಹೊಡೆದೆ. ಕೆನ್ನೆಗೆ. ಗಟ್ಟಿ ಕೈ ಎಂದೆನಲ್ಲ, ಅದೇ ಕೈ. ಅವಳು ಗೋಡೆಗೆ ಒರಗಿಕೊಂಡಳು, ಅಳಲಿಲ್ಲ. ಅಳುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ ಎಂಬುದು ಆಗ ನನಗೆ ಕಾಣಲಿಲ್ಲ. ಮತ್ತೊಂದು ಏಟಿಗೆ ಕೈ ಎತ್ತಿದ್ದೆ. ಆಗ ಹೇಳಿದಳು.

"ತಿಂದೀನಿ."

"ಏನು?"

"ಮಾವಿನ ಹಣ್ಣು."

"ಎಲ್ಲಿ?"

"ಮಂಚದ ಕೆಳಗ ಕುಂತು."

ಹೆಂಡತಿ ಒಳಗಿನಿಂದ ಓಡಿಬಂದಳು. "ಹಣ್ಣು ನಿನ್ನೆನ ಕೊಟ್ಟೀವಲ್ರೀ! ಎಲ್ಲಿಂದ ತಿಂತಾಳ ಕೂಸು?"

"ಮುಚ್ಚಿಟ್ಟಿರ್ತಾಳ. ನೀ ಸುಮ್ನಿರು" ಎಂದೆ.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಗಳು ಒಪ್ಪಿಕೊಂಡ ಕೂಡಲೇ ನನಗೆ ಹಗುರವೆನಿಸಿತು. ಸಿಟ್ಟು ಸರ್ರನೆ ಇಳಿಯಿತು. ತಲೆ ಸವರಿ, "ಮದ್ಲ ಹೇಳಿದ್ರ ಹೊಡೀತಿದ್ದಿಲ್ಲಲ್ಲವ್ವಾ, ಇನ್ನ ಮ್ಯಾಲ ತಿನಬ್ಯಾಡ" ಎಂದೆ. ತಲೆ ಆಡಿಸಿದಳು. ಅದೇ ಸತ್ತ ಔಷಧವನ್ನು ಸೂಜಿಗೆ ಎಳೆದು ಚುಚ್ಚಿದೆ. ಆ ದಿನ ಅವಳು ರೈಟ್ ಎನ್ನಲಿಲ್ಲ, ನಾನು ಕಾಯಲೂ ಇಲ್ಲ. ಹೆಂಡತಿ ಕಟ್ಟಿಟ್ಟ ಬುತ್ತಿ ಎತ್ತಿಕೊಂಡು ಡ್ಯೂಟಿಗೆ ಹೋದೆ.

ಮಧ್ಯಾಹ್ನ ದೇವದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚುವಾಗ ಫೋನ್ ಬಂತು.

"ವಾಂತಿ ಮಾಡಾಕತ್ತಾಳ್ರೀ," ಹೆಂಡತಿಯ ಧ್ವನಿ ಅಲ್ಲಲ್ಲಿ ಕಡಿಯುತ್ತಿತ್ತು. "ಉಸುರು ಜೋರ್ಜೋರ ಬಿಡಾಕತ್ತಾಳ. ಕರದ್ರ ಕಣ್ಣು ತಗಿವಲ್ಲಳು. ಆಂಬುಲೆನ್ಸ್‌ನಾಗ ರಾಯಚೂರಿಗಿ ಹೊಂಟೀನಿ. ನೀವು ಬರ್ರಿ, ಜಲ್ದಿ ಬರ್ರಿ!"

ಬಿಚ್ಚಿದ ಬುತ್ತಿಯನ್ನು ಹಾಗೇ ಬಿಟ್ಟು ಎದ್ದೆ. ಕಂಡಕ್ಟರ್ ನನ್ನ ಮುಖ ನೋಡಿ, ಎಲ್ಲ ಕೇಳಿ ತಿಳಿದುಕೊಂಡ. "ಬ್ಯಾರೆ ಡ್ರೈವರ್ ಸಿಗಂಗಿಲ್ಲ ಈಗ. ನೀನ ಹೊಡಿಬೇಕು. ಹೊಡೀತೀ?" ಎಂದ. ಹೊಡೆಯುತ್ತೇನೆ ಎಂದೆ. ಅವನು ಬಸ್ಸಿನ ನಡುವೆ ನಿಂತು ಕೈ ಮುಗಿದು ಮಂದಿಗೆ ಹೇಳಿದ: "ಡ್ರೈವರನ ಮಗಳು ಸೀರಿಯಸ್ ಅದಾಳ, ರಾಯಚೂರು ದವಾಖಾನ್ಯಾಗ. ನಡುವ ಭಾಳ ಕಡಿ ನಿಂದ್ರಸಂಗಿಲ್ಲ, ಸಿಟ್ಟಾಗಬ್ಯಾಡ್ರಿ." ಗಬ್ಬೂರಿನಲ್ಲಿ ಇಳಿಯಬೇಕಾಗಿದ್ದ ಒಬ್ಬ ಮುದುಕ ನನ್ನ ಹಿಂದೆ ಬಂದು ನಿಂತು, "ನಿಂದ್ರಸಬ್ಯಾಡೋ ಯಪ್ಪಾ, ನಡಿ. ನಾ ರಾಯಚೂರಿಗಿ ಬಂದು ತಿರುಗಿ ಬರ್ತೀನಿ" ಎಂದ. ನನ್ನ ಕಣ್ಣು ತುಂಬಿ ದಾರಿ ಮಂಜಾಯಿತು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತಿದ್ದೆ ಗೊತ್ತೇ? ಯಾಕ ತಿಂದೆವ್ವಾ, ಯಾಕ ತಿಂದಿ. ಆಗಲೂ ಅವಳನ್ನೇ ಬೈಯುತ್ತಿದ್ದೆ.

ಆಸ್ಪತ್ರೆ ಮುಟ್ಟಿದಾಗ ಮಗಳು ಒಳಗಿದ್ದಳು. ಎರಡೂ ಕೈಗೆ ಸಲಾಯಿನ್, ಮೂಗಿಗೆ ಕೊಳವೆ. ಡಾಕ್ಟರಮ್ಮ ಹೊರಗೆ ಬಂದರು. ಮುಖ ಗಟ್ಟಿಯಾಗಿತ್ತು.

"ಇನ್ಸುಲಿನ್ ಬಿಟ್ಟಿದ್ರೇನು?"

"ಇಲ್ರೀ! ಒಂದು ಹೊತ್ತು ಬಿಟ್ಟಿಲ್ರೀ. ಅಕಿನ ಮಾವಿನ ಹಣ್ಣು ಕದ್ದು ತಿಂದಾಳ್ರೀ. ಬಾಯಿ ವಾಸನಿ ನೋಡ್ರಿ ಬೇಕಾದ್ರ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಅದು ಹಣ್ಣಿನ ವಾಸನಿ ಅಲ್ಲಪ್ಪಾ. ಮೈಯಾಗ ಇನ್ಸುಲಿನ್ ಇಲ್ಲದಾಗ ರಕ್ತ ಕೆಟ್ಟು ಉಸುರಿಗಿ ಹಂಗ ವಾಸನಿ ಬರ್ತದ. ಆ ಕೂಸಿನ ಹೊಟ್ಟ್ಯಾಗ ಏನೂ ಇಲ್ಲ. ಎರಡು ದಿನದಿಂದ ಸರೀಗಿ ಉಂಡೂ ಇಲ್ಲ. ಶೀಶೆ ತೋರಸ್ರಿ ನನಗ."

ಹೆಂಡತಿ ಶೀಶೆಯನ್ನು ಜೊತೆಗೇ ತಂದಿದ್ದಳು, ಫ್ಲಾಸ್ಕಿನಲ್ಲಿ ಬರ್ಫ ಹಾಕಿ. ಡಾಕ್ಟರಮ್ಮ ಅದನ್ನು ಅಂಗೈಗಳ ನಡುವೆ ಉರುಳಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಒಡೆದ ಹಾಲಿನಂತೆ ಚೂರು ಚೂರು ಅಂಟಿಕೊಂಡಿದ್ದವು.

"ಇದನ್ನ ಹೆಂಗ ತಂದ್ರಿ?"

"ನನ್ನ ಹತ್ರನ ಇಟ್ಕೊಂಡಿದ್ದೆರೀ," ಎಂದೆ. "ಒಂಚೂರು ಬಿಸಿಲು ತಾಗಿಸಿಲ್ರೀ. ಟವಲ್ ತೊಯ್ಸಿ ಹೊಚ್ಚಿ, ಬುತ್ತಿ ಚೀಲದಾಗ, ಬಾನೆಟ್ ಮ್ಯಾಲ..."

ಆ ಮಾತು ನನ್ನ ಬಾಯಿಂದ ಬಂದು ನನ್ನ ಕಿವಿಗೆ ಬಿತ್ತು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಔಷಧ ಬೆಂದು ಹೋಗೇದ. ಮೂರು ದಿನ ನೀವು ಚುಚ್ಚಿದ್ದು ನೀರಿನ ಲೆಕ್ಕ" ಎಂದಷ್ಟೇ ಹೇಳಿ ಒಳಗೆ ಹೋದರು.

ನಾನು ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಹೆಂಡತಿ ನನ್ನ ಪಕ್ಕ ಕೂತಳು. ಬೆಳಗಿನ ಏಟಿನ ಬಗ್ಗೆ, ಬಾಗಿಲ ಬಳಿ ಬಿಟ್ಟುಹೋದ ಫ್ಲಾಸ್ಕಿನ ಬಗ್ಗೆ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. ಈ ಹೊತ್ತಿನವರೆಗೂ ಹೇಳಿಲ್ಲ. ಆ ದಿನ ನನಗೆ ಯಾರಾದರೂ ಚಪ್ಪಲಿಯಿಂದ ಹೊಡೆಯಲಿ ಎನಿಸುತ್ತಿತ್ತು. ಕೈ ಮುಂದೆ ಚಾಚಿ ನೋಡಿಕೊಂಡೆ. ಬಾನೆಟ್ಟಿನ ಬಿಸಿ ತಿಳಿಯದ ಕೈ, ಮೂರು ದಿನದಿಂದ ಒಣಗುತ್ತಿದ್ದ ಮಗಳ ಮೈಯನ್ನು ಮುಟ್ಟಿಯೂ ತಿಳಿಯದ ಕೈ. ಹೆಂಡತಿ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

ಎರಡನೆಯ ದಿನ ಮಗಳು ಕಣ್ಣು ಬಿಟ್ಟಳು. ಮೂರನೆಯ ದಿನ ಗಂಜಿ ಕುಡಿದಳು. ನಾನು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಎರಡು ದಿನದಿಂದ ಕಟ್ಟಿಟ್ಟುಕೊಂಡ ಮಾತು ಬಿಚ್ಚಿದೆ.

"ಯವ್ವಾ, ಔಷಧ ಕೆಟ್ಟಿತ್ತು. ನಾನ ಕೆಡಿಸಿದ್ದೆ, ಬಸ್ಸಿನಾಗ ಬಿಸಿ ಮ್ಯಾಲ ಇಟ್ಟು. ನೀ ಏನೂ ತಿಂದಿದ್ದಿಲ್ಲ. ಸುಮ್‌ಸುಮ್ಕ ಹೊಡದೆ ನಿನಗ. ತಪ್ಪಾತವ್ವಾ."

ಅವಳು ನನ್ನನ್ನು ನೋಡಿದಳು. ತುಟಿಗಳು ಒಡೆದಿದ್ದವು. "ತಿಂದಿದ್ದೆ ಯಪ್ಪಾ" ಎಂದಳು.

"ಇಲ್ಲವ್ವಾ, ತಿಂದಿದ್ದಿಲ್ಲ. ಡಾಕ್ಟರಮ್ಮ ಹೇಳ್ಯಾರ."

"ತಿಂದಿದ್ದೆ. ಮಂಚದ ಕೆಳಗ ಕುಂತು."

ನಾನು ಬಿಡಲಿಲ್ಲ. ಹೇಳಿದೆ, ಬೇಡಿಕೊಂಡೆ, ದೊಡ್ಡ ದನಿಯಲ್ಲಿ ಅತ್ತುಬಿಟ್ಟೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅವಳು ಹೆದರಿದಳು. ಸೂಜಿ ಇದ್ದ ಕೈಯನ್ನೇ ಎಳೆದುಕೊಂಡು ನನ್ನ ಮೊಣಕೈ ಮುಟ್ಟಿ, "ಅಳಬ್ಯಾಡ ಯಪ್ಪಾ, ಇನ್ನ ಮ್ಯಾಲ ತಿನ್ನಂಗಿಲ್ಲ" ಎಂದಳು.

ಇದಾಗಿ ಎರಡು ವರ್ಷವಾಯಿತು. ಈಗ ಅವಳಿಗೆ ಎಂಟು. ಸೂಜಿ ತಾನೇ ತುಂಬುತ್ತಾಳೆ, ಗೀಟು ಎಣಿಸುತ್ತಾಳೆ. ಔಷಧ ತರಲು ನಾನು ರಜೆ ಹಾಕಿ, ಫ್ಲಾಸ್ಕ್ ಹಿಡಿದು, ಪ್ರಯಾಣಿಕನಾಗಿ ಹೋಗಿ ಬರುತ್ತೇನೆ. ಡಿಪೋದಲ್ಲಿ ಯಾರೂ ನಗುವುದಿಲ್ಲ, ನಕ್ಕರೂ ನನಗೆ ಬೇಕಾಗಿಲ್ಲ. ಬುತ್ತಿಯನ್ನು ತಣ್ಣಗೇ ತಿನ್ನುತ್ತೇನೆ. ಬಾಯಿಗೆ ಲಗಾಮು ಹಾಕಿಕೊಂಡಿದ್ದೇನೆ. ಮನೆಯಲ್ಲಿ ದನಿ ಎತ್ತುವುದನ್ನು ಬಿಟ್ಟಿದ್ದೇನೆ, "ಏನ್ ತಿಂದಿ" ಎಂಬ ಮಾತು ಅಂದಿನಿಂದ ನನ್ನ ಬಾಯಲ್ಲಿ ಬಂದಿಲ್ಲ. ಇಷ್ಟು ಮಾಡಿದರೆ ಸಾಕು, ಕೂಸು ಮರೆಯುತ್ತದೆ ಎಂದುಕೊಂಡಿದ್ದೆ.

ಹೋದ ಭಾನುವಾರ ನನಗೆ ವಾರದ ರಜೆ. ಮಗಳಿಗೆ ನೆಗಡಿ, ಸಣ್ಣ ಜ್ವರ. ಬೆಳಿಗ್ಗೆಯಿಂದ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು, ಒಂದು ಕ್ಷಣ ಅಗಲಿರಲಿಲ್ಲ. ಸಂಜೆ ಬೆರಳು ಚುಚ್ಚಿ ನೋಡಿದರೆ ಮುನ್ನೂರ ಹತ್ತು. ಜ್ವರ ಬಂದರೆ ಏರುತ್ತದೆ ಎಂದು ಈಗ ನನಗೆ ಗೊತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ನಾನ ತಿಂದೆ ಯಪ್ಪಾ," ಎಂದಳು. "ಬಿಸ್ಕೀಟ್. ಎರಡು."

"ಮನ್ಯಾಗ ಬಿಸ್ಕೀಟ ಇಲ್ಲಲ್ಲವ್ವಾ. ಮುಂಜಾನಿಂದ ನನ್ನ ತೊಡಿ ಮ್ಯಾಲ ಮಕ್ಕೊಂಡಿದಿ. ನೀ ಏನೂ ತಿಂದಿಲ್ಲ."

"ಗೊತ್ತದ."

"ಮತ್ಯಾಕ ಹಂಗ ಹೇಳ್ತಿ?"

ಅವಳು ಶೀಶೆಯನ್ನು ಅಂಗೈಗಳ ನಡುವೆ ಉರುಳಿಸುತ್ತಿದ್ದಳು. ತಲೆ ಎತ್ತದೆ, ಲೆಕ್ಕದ ಉತ್ತರ ಹೇಳುವಷ್ಟು ಸಲೀಸಾಗಿ ಹೇಳಿದಳು. "ತಿಂದೆ ಅಂದ್ರ ನಿನ್ನ ಸಿಟ್ಟು ಜಲ್ದಿ ಇಳಿತದ."

"ನನಗ ಸಿಟ್ಟ ಬಂದಿಲ್ಲವ್ವಾ."

"ಬರ್ತದಲ್ಲ" ಎಂದು ಅಂಗಿಯ ತೋಳು ಮೇಲೆ ಮಡಚಿ, ಸೂಜಿಗೆ ಕೈಯನ್ನು ನನ್ನ ಮುಂದೆ ಚಾಚಿದಳು.